ಬಾಗೂರು ವಿಚಲನ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಳೆಯ ಪಂಡಿತರ ಕಟ್ಟಳೆ. ಅದನ್ನು ಮೀರುವ ಧೈರ್ಯ ಈ ಪ್ರಬಂಧಕಾರನಿಗಿಲ್ಲ. ವಿಷಯ: ಅಂಕಿಗಳು ತಮ್ಮ ಸರಾಸರಿಯಿಂದ ಎಷ್ಟು ದೂರ ಚದುರಿ ಬಿದ್ದಿವೆ ಎಂದು ಹೇಳುವ ಅಳತೆಗಳು, ಪಠ್ಯಪುಸ್ತಕದ ಭಾಷೆಯಲ್ಲಿ ಪ್ರಸರಣ ಮಾಪನಗಳು. ಪ್ರಯೋಜನ: ಪಿಯುಸಿ ಪರೀಕ್ಷೆಯಲ್ಲಿ ಒಂದಿಷ್ಟು ಅಂಕ, ಬೆಳೆ ವಿಮೆಯಲ್ಲಿ ಒಂದಿಷ್ಟು ದುಡ್ಡು. ಸಂಬಂಧ: ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲೂಕು, ಬಾಗೂರು. ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಅರ್ಹತೆಯುಳ್ಳವನು: ರಾಗಿ ಬಿತ್ತಿ, ಮೋಡ ನೋಡಿ ನೋಡಿ ಕುತ್ತಿಗೆ ಹಿಡಿಸಿಕೊಂಡವನು. ಉಳಿದವರು ಪುಟ ತಿರುವಬಹುದು.

ತೊಡಕು ಸಂಬಂಧದಲ್ಲೇ ಶುರುವಾಗುತ್ತದೆ. ಬಾಗೂರು ಒಂದೇ ಅಲ್ಲ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲೂಕಿನಲ್ಲೂ ಒಂದಿದೆ. ಹೇಮಾವತಿ ನೀರನ್ನು ತುಮಕೂರಿನ ಕಡೆಗೆ ದಾಟಿಸುವ ಬಾಗೂರು–ನವಿಲೆ ಸುರಂಗದಿಂದಾಗಿ ಪೇಪರಿನಲ್ಲಿ ಹೆಸರು ಬರುವುದು ಅದಕ್ಕೇ. ಹೊಸದುರ್ಗವೂ ಒಂದಲ್ಲ. ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ಕೋಟೆಯ ಸಮೇತ ಇನ್ನೊಂದು ಹೊಸದುರ್ಗ, ಕರಾವಳಿಯ ಮಳೆಯಲ್ಲಿ ನೆನೆಯುತ್ತ ಕೂತಿದೆ. ಈ ಗ್ರಂಥಕ್ಕೆ ಬೇಕಾದದ್ದು ಚನ್ನಕೇಶವನ ಗುಡಿಯಿರುವ, ಸುರಂಗವಿಲ್ಲದ, ಮಳೆ ನಂಬಿ ಬಿತ್ತುವ ಬಾಗೂರು. ಎರಡೂ ಬಾಗೂರಿನ ನೀರು ಕೂಡಿಸಿ ಎರಡರಿಂದ ಭಾಗಿಸಿದರೆ ಇಬ್ಬರಿಗೂ ಸುಖವಲ್ಲವೇ ಎಂದು ಕೇಳುವವರಿದ್ದಾರೆ. ಅವರೇ ನಮ್ಮ ಪೂರ್ವಪಕ್ಷ.

ಪೂರ್ವಪಕ್ಷದವರದು ಸರಾಸರಿ ಮತ. ಕರ್ನಾಟಕಕ್ಕೆ ವರ್ಷಕ್ಕೆ ಸರಾಸರಿ ಸುಮಾರು 1,150 ಮಿಲಿಮೀಟರ್ ಮಳೆಯಾಗುತ್ತದೆ. ಆದ್ದರಿಂದ ಕನ್ನಡಿಗರೆಲ್ಲ ಹದವಾಗಿ ನೆನೆದಿದ್ದಾರೆ ಎಂಬುದು ಅವರ ಅನುಮಾನ ಪ್ರಮಾಣ. ಆದರೆ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ. ಚಿತ್ರದುರ್ಗ ಸೀಮೆಯಲ್ಲಿ ಅದರ ಹತ್ತನೇ ಒಂದು ಪಾಲೂ ಬೀಳುವುದಿಲ್ಲ. ರಾಜ್ಯದ ಸರಾಸರಿ ಈ ಎರಡೂ ಕಡೆ ಯಾರ ಮನೆಯ ಹೆಂಚನ್ನೂ ತೋಯಿಸದ ಮಳೆ. ಹೊಸದುರ್ಗ ರೋಡ್ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ: ಫಲಕದಲ್ಲಿ ಊರಿನ ಹೆಸರಿದೆ, ಊರು ಮಾತ್ರ ಅಲ್ಲಿಲ್ಲ, ಬಸ್ಸು ಹಿಡಿಯಬೇಕು. ಸರಾಸರಿಯೂ ಅಂಥದೇ ನಿಲ್ದಾಣ. ಅಲ್ಲಿಂದ ಊರಿಗಿರುವ ದಾರಿಯನ್ನು ಅಳೆಯುವುದು ನಮ್ಮ ಶಾಸ್ತ್ರದ ಕೆಲಸ.

ಉದಾಹರಣೆಗೆ, ಬಿತ್ತನೆಯಾದ ಮೇಲಿನ ಐದು ವಾರ ಎಂದಿಟ್ಟುಕೊಳ್ಳಿ. ಒಂದು ವರ್ಷ ವಾರಕ್ಕೆ 10 ಮಿ.ಮೀ.ಯಂತೆ ಐದೂ ವಾರ ಹನಿಯಿತು. ಇನ್ನೊಂದು ವರ್ಷ ನಾಲ್ಕು ವಾರ ಬರೀ ಬಿಸಿಲು, ಒಂದು ವಾರದ ಒಂದೇ ರಾತ್ರಿಯಲ್ಲಿ 50 ಮಿ.ಮೀ. ಹೊಡೆಯಿತು. ಎರಡೂ ವರ್ಷದ ಸರಾಸರಿ 10. ಕಚೇರಿಗೆ ಎರಡೂ ಒಂದೇ. ಅರಳಿಕಟ್ಟೆಯ ಮೇಲೆ ಕೂತ ಅಜ್ಜನಿಗೆ ಮಾತ್ರ ಒಂದೇ ಅಲ್ಲ. "ಸರಾಸರಿ ಹತ್ತು ಬಂತು ಅಂತೀರಲ್ಲ ಸ್ವಾಮಿ, ಆ ಹತ್ತು ಯಾವತ್ತು ಬಂತು ಹೇಳಿ?" ಎನ್ನುತ್ತಾನೆ. ಇದನ್ನು ಪ್ರಥಮ ಸೂತ್ರವೆಂದು ಭಾವಿಸತಕ್ಕದ್ದು. ಮುಂದಿನದೆಲ್ಲ ಇದರ ಭಾಷ್ಯ.

ಅಳತೆಗಳಲ್ಲಿ ಅತಿ ಸುಲಭದ್ದು ವ್ಯಾಪ್ತಿ. ದೊಡ್ಡ ಅಂಕಿಯಲ್ಲಿ ಚಿಕ್ಕ ಅಂಕಿಯನ್ನು ಕಳೆದರೆ ಮುಗಿಯಿತು: ಮೊದಲ ವರ್ಷಕ್ಕೆ ಸೊನ್ನೆ, ಎರಡನೆಯದಕ್ಕೆ 50. ತುದಿಯ ಇಬ್ಬರನ್ನು ಮಾತಾಡಿಸಿ ನಡುವಿನವರ ಮುಖವನ್ನೂ ನೋಡದ ಅಳತೆ ಇದು. ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಚತುರ್ಥಕ ವಿಚಲನೆ ಹಾಗಲ್ಲ, ಅದರಲ್ಲಿ ವಾದಕ್ಕೆ ಜಾಗವಿದೆ. ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ನಾಲ್ಕು ಪಾಲು ಮಾಡಿ, ಕೆಳಗಿನ ಒಂದು ಪಾಲನ್ನೂ ಮೇಲಿನ ಒಂದು ಪಾಲನ್ನೂ ಆಚೆಗಿಟ್ಟು, ನಡುವಿನ ಅರ್ಧ ಎಷ್ಟು ಹರಡಿದೆ ಎಂದು ನೋಡಿ, ಅದರಲ್ಲಿ ಅರ್ಧ ತೆಗೆದುಕೊಳ್ಳುವುದು ಇದರ ಕ್ರಮ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 19ನೇ ಶತಮಾನದಲ್ಲಿ ಇದನ್ನು ಬಳಕೆಗೆ ತಂದವರಲ್ಲೊಬ್ಬ. ಕಟ್ಟೆಯ ಪಂಥ ಇದನ್ನು ಒಪ್ಪುವುದಿಲ್ಲ. ಸೂರ್ಯ ಒಂದೊಂದು ಮಳೆ ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಪಂಚಾಂಗ ಅದನ್ನು ನಾಲ್ಕು ಪಾದ ಮಾಡಿದೆ. ಆರಿದ್ರೆಯ ಮೊದಲ ಪಾದ ಕೈಕೊಟ್ಟಿತು, ಮೂರನೇ ಪಾದದಲ್ಲಿ ಹದವಾಯಿತು ಎಂದು ಅಜ್ಜಂದಿರು ಗಾಲ್ಟನ್‌ನ ತಾತನ ಕಾಲದಿಂದಲೂ ಹೇಳುತ್ತಿದ್ದಾರೆ, ಹಾಗಾಗಿ ಚತುರ್ಥಕ ನಮ್ಮದೇ ಎಂಬುದು ಅವರ ವಾದ. ಹಕ್ಕುಸ್ವಾಮ್ಯದ ಈ ಅರ್ಜಿಯನ್ನು ಪ್ರಬಂಧಕಾರ ವಿಷಾದದಿಂದ ತಿರಸ್ಕರಿಸಬೇಕಾಗಿದೆ. ಪಾದ ಕಡಿಯುವುದು ಕಾಲವನ್ನು; ಚತುರ್ಥಕ ಕಡಿಯುವುದು ಸಾಲಾಗಿ ನಿಂತ ಅಂಕಿಗಳನ್ನು, ತಲೆ ಎಣಿಸಿ. ಮೇಲಾಗಿ ತುದಿಗಳನ್ನು ಆಚೆಗಿಟ್ಟ ಮೇಲೆ ಆ 50 ಮಿ.ಮೀ. ಗುಡುಗಿನ ರಾತ್ರಿಯಂಥದ್ದು ಲೆಕ್ಕದಿಂದಲೇ ಜಾರಿಹೋಗಬಹುದು. ಬದು ಕೊಚ್ಚಿಹೋದವನಿಗೆ ಅದನ್ನು ವಿವರಿಸುವುದು ಕಷ್ಟ.

ತುದಿ ಕಡಿಯುವ ವಿದ್ಯೆಯಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪ್ರಾರಂಭಿಕ ಇಳುವರಿ ಎಂಬುದೊಂದಿದೆ. ಈ ವರ್ಷದ ಇಳುವರಿ ಅದಕ್ಕಿಂತ ಕೆಳಗಿಳಿದರಷ್ಟೇ ಪರಿಹಾರ. ಕಳೆದ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ತೆಗೆದು ಅದನ್ನು ಲೆಕ್ಕ ಹಾಕುತ್ತಾರೆ. ಕೆಟ್ಟ ಎರಡು ವರ್ಷ ಬಿಟ್ಟಿದ್ದರಿಂದ ಗೆರೆ ಮೇಲೇರಿತು, ರೈತನಿಗೆ ಅನುಕೂಲ. ಆಮೇಲೆ ಆ ಸರಾಸರಿಯನ್ನು ಶೇ. 70, 80 ಅಥವಾ 90ರ ಪರಿಹಾರ ಮಟ್ಟದಿಂದ ಗುಣಿಸುತ್ತಾರೆ. ಗೆರೆ ಮತ್ತೆ ಕೆಳಗಿಳಿಯಿತು. ಬಲಗೈ ಕೊಟ್ಟದ್ದನ್ನು ಎಡಗೈ ಎಷ್ಟು ವಾಪಸು ಪಡೆಯಿತು ಎಂಬುದು ಆ ಏಳು ವರ್ಷದ ಇಳುವರಿ ಎಷ್ಟು ಚದುರಿತ್ತು ಎಂಬುದರ ಮೇಲೆ ನಿಂತಿದೆ. ಏಳೂ ವರ್ಷ ಒಂದೇ ಸಮ ಬೆಳೆದಿದ್ದರೆ ಎರಡು ವರ್ಷ ಬಿಟ್ಟರೂ ಏನೂ ದಕ್ಕುವುದಿಲ್ಲ. ಎಡಗೈಯ ಕೆಲಸವಷ್ಟೇ ಉಳಿಯುತ್ತದೆ.

ಈಗ ಗರ್ಭಗುಡಿ ಪ್ರವೇಶ. ಪ್ರತಿ ವಾರದ ಮಳೆಯಲ್ಲಿ ಸರಾಸರಿಯನ್ನು ಕಳೆದರೆ ಬರುವುದು ವಿಚಲನೆ. ನಮ್ಮ ಎರಡನೇ ವರ್ಷದಲ್ಲಿ ನಾಲ್ಕು ವಾರಕ್ಕೆ ಮೈನಸ್ 10, ಒಂದು ವಾರಕ್ಕೆ ಪ್ಲಸ್ 40. ಕೂಡಿಸಿದರೆ ಸೊನ್ನೆ. ಯಾವ ವರ್ಷ, ಯಾವ ಊರು, ಯಾವ ಬೆಳೆಯ ಅಂಕಿ ತಂದರೂ ಸೊನ್ನೆಯೇ. ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಈವರೆಗೆ ಒಂದು ಎಕರೆ ಬೆಳೆಯೂ ಒಣಗಿಲ್ಲ ಎಂದು ಪೂರ್ವಪಕ್ಷದವರು ಇದರಿಂದ ಸಾಧಿಸುತ್ತಾರೆ.

ಇದಕ್ಕೆ ಪರಿಹಾರ ಎರಡು. ಮೈನಸ್ ಚಿಹ್ನೆಗಳನ್ನು ಕಣ್ಣುಮುಚ್ಚಿ ಅಳಿಸಿಹಾಕುವುದು ಒಂದು: 10, 10, 10, 10, 40, ಒಟ್ಟು 80, ಐದರಿಂದ ಭಾಗಿಸಿದರೆ ಸರಾಸರಿ ವಿಚಲನೆ 16. ಇನ್ನೊಂದು, ಪ್ರತಿ ವಿಚಲನೆಯನ್ನೂ ಅದರಿಂದಲೇ ಗುಣಿಸುವುದು. ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್ ಆಗುವುದರಿಂದ ಯಾರನ್ನೂ ಅಳಿಸಬೇಕಾಗಿಲ್ಲ. ನೂರರ ನಾಲ್ಕು, ಸಾವಿರದ ಆರುನೂರರ ಒಂದು, ಒಟ್ಟು 2,000. ಐದರಿಂದ ಭಾಗಿಸಿದರೆ 400. ಇದಕ್ಕೆ ವಿಚರಣೆ ಎಂದು ಹೆಸರು. ಇದರ ಇಂಗ್ಲಿಷ್ ಹೆಸರನ್ನು 1918ರಲ್ಲಿ ಚಲಾವಣೆಗೆ ಬಿಟ್ಟವನು ರೊನಾಲ್ಡ್ ಫಿಶರ್. ಇದರದೊಂದು ದೋಷವನ್ನು ಹೊಸದುರ್ಗ ಸೀಮೆಯ ತೋಟದವರು ತಕ್ಷಣ ಪತ್ತೆಹಚ್ಚಬಲ್ಲರು. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದರೆ ವಿಚರಣೆ ಬರುವುದು ಚದರ ಮಿಲಿಮೀಟರಿನಲ್ಲಿ. ಮರಕ್ಕೆ ಎಷ್ಟು ಕಾಯಿ ಎಂದು ಎಣಿಸಿದರೆ ಬರುವುದು ಚದರ ತೆಂಗಿನಕಾಯಿ. ಚದರ ತೆಂಗಿನಕಾಯಿಯನ್ನು ಸುಲಿಯುವ ಮಚ್ಚು ಇನ್ನೂ ತಯಾರಾಗಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಅದರ ಕೊಬ್ಬರಿಗೆ ದರವೂ ನಿಗದಿಯಾಗಿಲ್ಲ. ಹಾಗಾಗಿ 400ಕ್ಕೆ ವರ್ಗಮೂಲ ತೆಗೆದು 20ಕ್ಕೆ ಇಳಿಸಿ, ಕಾಯಿಯನ್ನು ಮತ್ತೆ ದುಂಡಗೆ ಮಾಡಬೇಕು. ಈ 20ಕ್ಕೆ ಮಾನಕ ವಿಚಲನೆ ಎನ್ನುತ್ತಾರೆ. ನಾಮಕರಣ ಮಾಡಿದವನು ಕಾರ್ಲ್ ಪಿಯರ್ಸನ್, 1890ರ ದಶಕದಲ್ಲಿ. ಮೊದಲ ವರ್ಷದ ಹದವಾದ ಮಳೆಗೆ ಇದೇ ಅಳತೆ ಸೊನ್ನೆ. ಅಜ್ಜನ ಪ್ರಶ್ನೆಗೆ ಕಡೆಗೂ ಒಂದು ಅಂಕಿ ಸಿಕ್ಕಿತು.

ಸಿದ್ಧಾಂತವನ್ನು ಕಲ್ಪಿತ ಮಳೆಯ ಮೇಲಷ್ಟೇ ಪ್ರಯೋಗಿಸಿ ಬಿಟ್ಟರೆ ಪಂಡಿತರು ನಗುತ್ತಾರೆ. ಪಕ್ಕದ ಹಿರಿಯೂರು ತಾಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿ ವಿಲಾಸ ಸಾಗರವಿದೆ. ಜನರ ಬಾಯಲ್ಲಿ ಮಾರಿಕಣಿವೆ. 130 ಅಡಿಗೆ ಭರ್ತಿ. ಅದು ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯದು 2022ರ ಸೆಪ್ಟೆಂಬರಿನಲ್ಲಿ, ಮೂರನೆಯದು 2025ರ ಜನವರಿಯಲ್ಲಿ; ನಮ್ಮ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಕಟ್ಟಿ ಮುಗಿದ 1907ರಿಂದ ಎಣಿಸಿದರೆ, ಇಸವಿ ಲೆಕ್ಕದಲ್ಲಿ ಅಂತರ 26, 89, 3 ವರ್ಷ. ಸರಾಸರಿ 39.3. ಅಂದರೆ ಕೋಡಿ ನೋಡಬೇಕಾದವನು 2064ಕ್ಕೆ ಬುತ್ತಿ ಕಟ್ಟಿಕೊಂಡು ಹೊರಡಬೇಕು ಎನ್ನುತ್ತದೆ ಸರಾಸರಿ ಮತ. ಮಾನಕ ವಿಚಲನೆ ತೆಗೆದರೆ ಸುಮಾರು 36 ವರ್ಷ. ಸರಾಸರಿಯಿಂದ ಅತ್ತ ಒಂದು ವಿಚಲನೆ, ಇತ್ತ ಒಂದು ವಿಚಲನೆ ಹಿಡಿದರೆ ನಾಲ್ಕನೇ ಕೋಡಿ 2028 ಮತ್ತು 2101ರ ನಡುವೆ ಎಂದಾದರೂ ಬಿದ್ದೀತು. ಪಂಚಾಂಗ ಕೂಡ ಇಷ್ಟು ಧಾರಾಳವಾಗಿ ಭವಿಷ್ಯ ನುಡಿಯುವುದಿಲ್ಲ.

ಅಷ್ಟರಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್‌ನ ಅನುಯಾಯಿಗಳು ತಕರಾರು ತೆಗೆಯುತ್ತಾರೆ. ಕೈಯಲ್ಲಿರುವುದು ಬರೀ ಒಂದು ಮಾದರಿಯಾದರೆ, ಮೂರು ಅಂಕಿಗೆ ಮೂರರಿಂದಲ್ಲ, ಒಂದು ಕಡಿಮೆ ಮಾಡಿ ಎರಡರಿಂದ ಭಾಗಿಸಬೇಕು. ವಿಚಲನೆಗಳ ಮೊತ್ತ ಸೊನ್ನೆಯೇ ಆಗಬೇಕಾದ್ದರಿಂದ ಎರಡು ಗೊತ್ತಾದರೆ ಮೂರನೆಯದಕ್ಕೆ ಸ್ವಂತ ಸ್ವಾತಂತ್ರ್ಯವೇ ಉಳಿದಿರುವುದಿಲ್ಲ. ಮಾತು ನ್ಯಾಯವಾದದ್ದೇ. ಹಾಗೆ ಮಾಡಿದರೆ ಮಾನಕ ವಿಚಲನೆ 44.5ಕ್ಕೆ ಏರುತ್ತದೆ, ಸರಾಸರಿಗಿಂತ ಐದು ವರ್ಷ ಹೆಚ್ಚು. ಆಗ ನಾಲ್ಕನೇ ಕೋಡಿ 2020ರಲ್ಲೇ, ಅಂದರೆ ಎರಡನೆಯದಕ್ಕಿಂತ ಮೊದಲೇ, ಬಿದ್ದಿರುವ ಸಂಭವವಿದೆ. ಮೂರೇ ಅಂಕಿ ಇಟ್ಟುಕೊಂಡು ಮಹಾಗ್ರಂಥ ಬರೆಯಹೊರಟವರಿಗೆ ಆಗುವ ಶಾಸ್ತಿ ಇದು.

ಆ 130 ಅಡಿಯೂ ಎಲ್ಲರಿಗೂ ಒಂದೇ 130 ಅಡಿ ಅಲ್ಲ. ಅಣೆಕಟ್ಟೆಯ ಕೆಳಗೆ ಹಿರಿಯೂರಿನ ಕಡೆಯವರು ಬಾಗಿನ ಬಿಟ್ಟು ಸಂಭ್ರಮಿಸುವಾಗ, ಮೇಲ್ಗಡೆ ಹೊಸದುರ್ಗ ತಾಲೂಕಿನ ಹಿನ್ನೀರಿನ ಅಂಚಿನವರ ತೋಟದಲ್ಲಿ ನೀರು ನಿಲ್ಲುತ್ತದೆ. ತೆಂಗು, ಅಡಿಕೆ ಗಿಡಗಳು ಕೊಳೆಯುವ ಹೊತ್ತಿಗೆ ಅವರು ಕೋಡಿಯ ಮಟ್ಟ ತಗ್ಗಿಸಿ ಎಂದು ಕೇಳುತ್ತಾರೆ. ಬರ ಬಂದಾಗ ಎರಡೂ ಕಡೆಯವರ ವಿಚಲನೆ ಮೈನಸ್. ನೀರು ಬಂದಾಗ ಒಬ್ಬರಿಗೆ ಪ್ಲಸ್, ಇನ್ನೊಬ್ಬರಿಗೆ ಮತ್ತೆ ಮೈನಸ್. ವರ್ಗ ಮಾಡಿ ಚಿಹ್ನೆ ಅಳಿಸಿದ ಮಾನಕ ವಿಚಲನೆ ಈ ವ್ಯತ್ಯಾಸ ಕಾಣದು. ಪಿಯರ್ಸನ್ ಹಿನ್ನೀರಿನಲ್ಲಿ ತೋಟ ಮಾಡಿದವನಲ್ಲ.

ಇನ್ನು ಮಾರ್ಪಿನ ಗುಣಾಂಕ. ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮಾನಗಳೆಲ್ಲ ಬಿದ್ದುಹೋಗಿ ಶೇಕಡಾವಾರು ಮಾತ್ರ ಉಳಿಯುತ್ತದೆ. ಆಗ ಮಿಲಿಮೀಟರಿನ ಮಳೆಯನ್ನೂ ರೂಪಾಯಿಯ ಕೊಬ್ಬರಿ ಧಾರಣೆಯನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ, ಯಾವುದು ಹೆಚ್ಚು ಚಂಚಲ ಎಂದು ಕೇಳಬಹುದು. ನಮ್ಮ ಎರಡನೇ ವರ್ಷದ ಮಳೆಗೆ ಇದು ಶೇ. 200, ಮಾರಿಕಣಿವೆಯ ಕೋಡಿಗೆ ಶೇ. 92. ಕೊಬ್ಬರಿಯ ಚಂಚಲತೆಗೆ ಕೇಂದ್ರ ಸರ್ಕಾರ ಕೆಳಗಡೆಯಿಂದ ಒಂದು ಒಡ್ಡು ಹಾಕಿದೆ: 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು. ಮಳೆಗೆ ಬೆಂಬಲ ಬೆಲೆ ಇಲ್ಲ.

ಮಳೆಗಿರುವುದು ವಾಡಿಕೆ. ವಾಡಿಕೆಗಿಂತ ಶೇ. 19ರಷ್ಟು ಹೆಚ್ಚಾಗಲಿ, ಕಡಿಮೆಯಾಗಲಿ, ಹವಾಮಾನ ಇಲಾಖೆಗೆ ಅದು ಸಾಮಾನ್ಯ ಮಳೆ. ಶೇ. 20ರಷ್ಟು ಕಡಿಮೆಯಾದರೆ ಕೊರತೆ. ಹೊಡೆದರೆ ಒಂದೇ ರಾತ್ರಿ ಹೊಡೆದು ಹೋಗುವ ಮಳೆಯಿಂದಲೂ ಹಂಗಾಮಿನ ಮೊತ್ತ ವಾಡಿಕೆಗೆ ಸರಿಹೋಗಿಬಿಡಬಹುದು. ಬರ ಘೋಷಣೆಯ ಕೈಪಿಡಿ ಬರೆದವರಿಗೆ ಇದು ತಿಳಿಯದೆ ಇಲ್ಲ. ಅದಕ್ಕೇ ಒಟ್ಟು ಮಳೆಯ ಜೊತೆಗೆ, ಮೂರು ನಾಲ್ಕು ವಾರ ಸತತವಾಗಿ ಮಳೆ ಕೈಕೊಟ್ಟಿತೇ ಎಂದು ನೋಡಬೇಕೆಂದು 2016ರ ಕೈಪಿಡಿ ಹೇಳುತ್ತದೆ. ಕಟ್ಟೆಯ ಪ್ರಥಮ ಸೂತ್ರ ದೆಹಲಿಯ ಕಾಗದದಲ್ಲಿ ಅಚ್ಚಾದದ್ದು ಹೀಗೆ. ಕೃತಜ್ಞತೆಯ ಪುಟದಲ್ಲಿ ಅಜ್ಜನ ಹೆಸರಿಲ್ಲ.

ಚದುರುವಿಕೆಯನ್ನು ಎಷ್ಟರಮಟ್ಟಿಗೆ ಪಳಗಿಸಬಹುದು ಎಂಬ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟವರು ಬಯಲುಸೀಮೆಯವರೇ. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1945ರಲ್ಲಿ, ಕಲ್ಕತ್ತಾದ ಗಣಿತ ಪತ್ರಿಕೆಯೊಂದರಲ್ಲಿ, ಪಕ್ಷಪಾತವಿಲ್ಲದ ಯಾವ ಅಂದಾಜಿನ ವಿಚರಣೆಯೂ ಒಂದು ಮಿತಿಗಿಂತ ಕೆಳಗಿಳಿಯಲಾರದು ಎಂದು ತೋರಿಸಿಕೊಟ್ಟರು. ಸ್ವೀಡನ್ನಿನ ಕ್ರೇಮರ್ ಜೊತೆಗೆ ಹೆಸರು ಹಂಚಿಕೊಂಡು ಅದು ಕ್ರೇಮರ್–ರಾವ್ ಮಿತಿಯಾಯಿತು. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದದ್ದು 2023ರಲ್ಲಿ, ನೂರು ದಾಟಿದ ಮೇಲೆ. ಆ ಮಿತಿ ಕೆಳಗಿಳಿಯಬೇಕಾದರೆ ಜಾಣತನ ಸಾಲದು, ಮಾಹಿತಿಯೇ ಹೆಚ್ಚಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ನೆಟ್ಟಿರುವುದು ಆ ದೃಷ್ಟಿಯಿಂದ ಶಾಸ್ತ್ರಸಮ್ಮತ. ಆದರೆ ಬದುವಿನ ಈಚೆ ಬಂದ ಮಳೆ ಆಚೆ ಬಾರದಿರುವ ಸೀಮೆ ಇದು. "ಮಾಪಕ ನೆಂದ್ರೆ ನಮ್ ಹೊಲ ನೆಂದಂಗಾ?" ಎಂದು ಕಟ್ಟೆಯವರು ಕೇಳಿದ್ದಾರೆ.

ಸಮಾಧಾನ ಎರಡನೇ ಸಂಪುಟದಲ್ಲಿ. ಅದರ ಅಚ್ಚಿನ ಖರ್ಚಿಗೆ ಮನೆಗೆ ಸರಾಸರಿ ನೂರು ರೂಪಾಯಿ ಚಂದಾ ಎಂದು ಪ್ರಬಂಧಕಾರ ಸಾರಿಸಿದ್ದಾನೆ. ಯಾರ ಮನೆಗೆ ಎಷ್ಟೆಷ್ಟು ಎಂದು ಮೊದಲು ಬರೆದು ಗುಡಿಯ ಗೋಡೆಗೆ ಅಂಟಿಸಿ, ಆಮೇಲೆ ಮಾತಾಡೋಣ ಎಂದು ಕಟ್ಟೆಯವರು ಹೇಳಿ ಕಳುಹಿಸಿದ್ದಾರೆ.