ಬೇಸಿಗೆ ಶಿಬಿರವೂ ಹಲಸಿನ ಹಪ್ಪಳವೂ: ಒಂದು ಮೀಮಾಂಸೆ

ಮಕ್ಕಳ ಬೇಸಿಗೆ ಶಿಬಿರಗಳನ್ನು ಕುರಿತ ಸಾಹಿತ್ಯ ಬಹುಪಾಲು ಕರಪತ್ರದ ರೂಪದಲ್ಲಿದೆ. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಅಂಟಿಕೊಂಡೋ ದಿನಪತ್ರಿಕೆಯ ಮಡಿಕೆಯಿಂದ ಜಾರಿ ಬಿದ್ದೋ ವಿದ್ವಾಂಸರ ಕೈ ಸೇರುವ ಈ ಗ್ರಂಥರಾಶಿಯಲ್ಲಿ ವಯೋಮಿತಿ, ಶುಲ್ಕ, ಲಘು ಉಪಾಹಾರ, ಪ್ರಮಾಣಪತ್ರ ಎಂಬ ನಾಲ್ಕು ಪುರುಷಾರ್ಥಗಳು ತಪ್ಪದೆ ನಿರೂಪಿತವಾಗಿರುತ್ತವೆ. ಹಪ್ಪಳದ ಮಾತು ಮಾತ್ರ ಎಲ್ಲಿಯೂ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಟ್ಟಿಗೆ ಇದು ಸಣ್ಣ ಲೋಪವಲ್ಲ. ಶಾಲೆಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ; ಹಲಸಿನ ಕಾಯಿ ಬಲಿತು, ಹಣ್ಣಾಗುವ ಮೊದಲೇ ಹಪ್ಪಳವಾಗಬೇಕಾದ ಕಾಲವೂ ಹೆಚ್ಚುಕಡಿಮೆ ಅದೇ. ಶಿಬಿರಕ್ಕೆ ಬೇಕಾದದ್ದು ಎಂಟರಿಂದ ಹದಿನಾಲ್ಕು ವಯಸ್ಸಿನ ಒಂದು ಮಗು. ಅಂಗಳದಲ್ಲಿ ಒಣಗುವ ಹಪ್ಪಳಕ್ಕೆ ಬೇಕಾದದ್ದೂ ಅದೇ ವಯಸ್ಸಿನ ಅದೇ ಮಗು. ಮಗು ಏಕಕಾಲದಲ್ಲಿ ಎರಡು ಕಡೆ ಇರಲಾರದು ಎಂಬುದು ತರ್ಕಶಾಸ್ತ್ರಕ್ಕೂ ತಾಯಂದಿರಿಗೂ ಸಮ್ಮತ. ಆದ್ದರಿಂದ ಒಂದೋ ಶಿಬಿರ ಅಂಗಳಕ್ಕೆ ಬರಬೇಕು, ಇಲ್ಲವೇ ಹಪ್ಪಳ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಮೊದಲನೆಯದು ವ್ಯರ್ಥವೆಂದೂ ಎರಡನೆಯದು ಅನಿವಾರ್ಯವೆಂದೂ ಸಾಧಿಸುವುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲು ಶಬ್ದವಿಚಾರ. ಸಂಸ್ಕೃತದಲ್ಲಿ ಶಿಬಿರವೆಂದರೆ ಸೈನ್ಯ ಬೀಡುಬಿಟ್ಟ ಜಾಗ. ಇಂಗ್ಲಿಷಿನ ಕ್ಯಾಂಪ್ ಎಂಬುದರ ಮೂಲ ಲ್ಯಾಟಿನ್ನಿನ ಕ್ಯಾಂಪಸ್, ಅಂದರೆ ಬಯಲು. ರೋಮಿನ ತರುಣರು ಯುದ್ಧಾಭ್ಯಾಸ ಮಾಡುತ್ತಿದ್ದ ಬಯಲಿಗೂ ಇದೇ ಹೆಸರು. ಈ ಪದ ಕಾಲೇಜಿನ ಆವರಣಕ್ಕೆ ಅಂಟಿಕೊಂಡದ್ದು ಹದಿನೆಂಟನೆಯ ಶತಮಾನದಲ್ಲಿ, ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ. ಹೀಗಾಗಿ ‘ಕ್ಯಾಂಪಸ್ಸಿನಲ್ಲಿ ಕ್ಯಾಂಪ್’ ಎಂದರೆ ಬಯಲಿನಲ್ಲಿ ಬಯಲು ಎಂದಷ್ಟೇ ಅರ್ಥ. ‘ನಟ್ಟನಡು ಮಧ್ಯ’ ಎಂಬಂಥ ದ್ವಿರುಕ್ತಿ. ಗುಡ್ಡವೇ ನೆಲವಾಗಿರುವ ನಮ್ಮ ಮೂರು ತಾಲ್ಲೂಕುಗಳಲ್ಲಿ ಸಮತಟ್ಟು ಜಾಗ ಕಾಣಬೇಕಾದರೆ ಗದ್ದೆ ನೋಡಬೇಕು, ಇಲ್ಲವೇ ಸಗಣಿ ಸಾರಿಸಿದ ಅಂಗಳ ನೋಡಬೇಕು. ಅಂಗಳವೇ ನಮ್ಮ ಮೂಲ ಕ್ಯಾಂಪಸ್ ಎಂಬುದು ಇದರಿಂದ ಸಿದ್ಧವಾಯಿತು. ಇನ್ನು ಇತಿಹಾಸ. ಅಮೆರಿಕದ ಕನೆಕ್ಟಿಕಟ್ಟಿನಲ್ಲಿ ಫ್ರೆಡರಿಕ್ ಗನ್ ಎಂಬ ಮೇಷ್ಟ್ರು 1861ರಲ್ಲಿ ಶಾಲೆಯ ಹುಡುಗರನ್ನು ಸಮುದ್ರದ ದಂಡೆಗೆ ನಡೆಸಿಕೊಂಡು ಹೋಗಿ ಡೇರೆ ಹಾಕಿಸಿದ್ದನ್ನೇ ಆ ದೇಶದ ಮೊದಲ ಮಕ್ಕಳ ಶಿಬಿರ ಎನ್ನುತ್ತಾರೆ. ಅದು ಅಲ್ಲಿನ ಅಂತರ್ಯುದ್ಧ ಆರಂಭವಾದ ವರ್ಷ. ಹುಡುಗರಿಗೆ ಸಿಪಾಯಿಗಳಂತೆ ಬದುಕುವ ಹುಚ್ಚು. ಶಬ್ದವೂ ಇತಿಹಾಸವೂ ಕೂಡಿ ಹೇಳುವುದಿಷ್ಟು: ಶಿಬಿರಕ್ಕೆ ಒಬ್ಬ ಶತ್ರು ಬೇಕು. ಇಂದಿನ ಶಿಬಿರಗಳಲ್ಲಿ ಬಣ್ಣದ ಕಾಗದವಿದೆ, ಜೇಡಿಮಣ್ಣಿದೆ, ಸಂಪನ್ಮೂಲ ವ್ಯಕ್ತಿಯೂ ಇದ್ದಾರೆ, ಶತ್ರುವೊಬ್ಬನಿಲ್ಲ. ಅಂಗಳದಲ್ಲಿ ಇದ್ದಾನೆ. ಅವನ ಹೆಸರು ಕಾಗೆ.

ಬಯಲುಸೀಮೆಯ ಓದುಗರಿಗಾಗಿ ಯುದ್ಧಭೂಮಿಯ ವಿವರ ಕೊಡಬೇಕು. ಬಲಿತ ಕಾಯಿಯನ್ನು ಕಡಿದು, ಕೈಗೆ ಕತ್ತಿಗೆ ಎಣ್ಣೆ ಸವರಿಕೊಂಡು ಮೇಣ ತೆಗೆದು, ತೊಳೆ ಬಿಡಿಸಿ, ಬೇಳೆ ಬೇರೆ ಮಾಡಿ, ಹಬೆಯಲ್ಲಿ ಬೇಯಿಸಿ, ಉಪ್ಪು ಖಾರ ಜೀರಿಗೆ ಸೇರಿಸಿ ಒರಳಲ್ಲಿ ಕುಟ್ಟಬೇಕು. ಒನಕೆಯ ಜಾಗಕ್ಕೆ ಈಗ ಗ್ರೈಂಡರ್ ಬಂದಿದೆಯಾದರೂ ಸಿದ್ಧಾಂತಕ್ಕೆ ಬಾಧೆಯಿಲ್ಲ. ಹಿಟ್ಟಿನ ಉಂಡೆಯನ್ನು ಎಣ್ಣೆ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ ಚಾಪೆಗೆ ಇಳಿಸಿದಲ್ಲಿಗೆ ದೊಡ್ಡವರ ಕೆಲಸ ಮುಗಿಯಿತು. ಅಲ್ಲಿಂದ ಸಂಜೆಯವರೆಗೆ ಚಾಪೆಯ ಸಾರ್ವಭೌಮತ್ವ ಮಗುವಿನದು. ಕಾಗೆ, ಕೋಳಿ, ಕಟ್ಟು ಬಿಚ್ಚಿಕೊಂಡ ಕರು, ಯಾರ ಮನೆಯದೆಂದು ಯಾರೂ ಒಪ್ಪಿಕೊಳ್ಳದ ನಾಯಿ, ಇವೆಲ್ಲವನ್ನೂ ಒಂದು ಕೋಲು ಮತ್ತು ಒಂದು ಕಪ್ಪು ಕೊಡೆಯ ಬಲದಿಂದ ತಡೆಯಬೇಕು. ಪಣಕ್ಕಿಟ್ಟದ್ದು ಏನೆಂಬುದನ್ನೂ ಗಮನಿಸಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್ಲು ಅದಕ್ಕೆ ಸಡ್ಡು ಹೊಡೆಯುತ್ತದೆ. ಆಷಾಢದ ಸಂಜೆ ಕೆಂಡದ ಮೇಲೆ ಸುಟ್ಟ ಹಪ್ಪಳವೂ ಒಂದು ಚೂರು ಕಾಯಿಯೂ ಇಲ್ಲದ ಮನೆಯಲ್ಲಿ ಮನುಷ್ಯರು ಏನು ಮಾಡಿಕೊಳ್ಳಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ದೇಶಗಳು ಕಚ್ಚಾ ತೈಲವನ್ನು ಕೂಡಿಡುವ ಹಾಗೆ ನಮ್ಮಲ್ಲಿ ಹಪ್ಪಳವನ್ನು ಡಬ್ಬಿಯಲ್ಲಿ ಕೂಡಿಡುತ್ತಾರೆ. ಇಂಥ ದಾಸ್ತಾನಿನ ಕಾವಲುಗಾರನನ್ನು ಹತ್ತು ದಿನ ಒಯ್ದು ಕಾಗದದ ಕಪ್ಪೆ ಮಾಡಿಸುವುದು ವಿವೇಕವೇ ಎಂಬುದು ನಮ್ಮ ಮೂಲ ಪ್ರಶ್ನೆ.

ಶಿಬಿರದ ಪಠ್ಯಕ್ರಮವೆಲ್ಲ ನಿಷ್ಪ್ರಯೋಜಕ ಎಂಬುದು ಈ ಪ್ರಬಂಧದ ವಾದವಲ್ಲ. ಅದರ ಪ್ರತಿಯೊಂದು ಚಟುವಟಿಕೆಯೂ ಹಪ್ಪಳವನ್ನೇ ಹುಡುಕುತ್ತಿದ್ದು, ಸಿಗದೆ ದಾರಿ ತಪ್ಪಿದೆ ಎಂಬುದು ವಾದ. ಮುಖವಾಡ ತಯಾರಿಕೆಯನ್ನೇ ನೋಡಿ. ಎಲ್ಲ ಶಿಬಿರಗಳೂ ಇದನ್ನು ಕಲಿಸುತ್ತವೆ. ಮನೆಗೆ ತಂದ ಮುಖವಾಡ ಅಟ್ಟ ಸೇರುತ್ತದೆ. ಆದರೆ ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ (ಆವರಣದಲ್ಲಿ ಎಂಬುದನ್ನು ಓದುಗರು ಗಮನಿಸಬೇಕು) ಜಾನ್ ಮಾರ್ಜ್‌ಲಫ್ ಎಂಬ ಪಕ್ಷಿವಿಜ್ಞಾನಿಯ ತಂಡ 2006ರಲ್ಲಿ ಗುಹಾಮಾನವನ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟಿತು. ಮುಂದೆ ಯಾರೇ ಆ ಮುಖವಾಡ ಧರಿಸಿ ಓಡಾಡಿದರೂ ಕಾಗೆಗಳು ಬೆನ್ನಟ್ಟಿ ಬೈದವು. ವರ್ಷಗಳು ಕಳೆದರೂ ಮರೆಯಲಿಲ್ಲ. ಹೋಲಿಕೆಗೆಂದು ಬಳಸಿದ ಇನ್ನೊಂದು ಮುಖವಾಡ ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಅವರದು. ಅದನ್ನು ಕಾಗೆಗಳು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಕಾಗೆ ಮುಖ ನೆನಪಿಡುತ್ತದೆ, ಹಗೆ ಸಾಧಿಸುತ್ತದೆ, ಸಂಗಡಿಗರಿಗೂ ಕಲಿಸುತ್ತದೆ ಎಂದು ಇದರಿಂದ ಗೊತ್ತಾಯಿತು. ಹಾಗಾದರೆ ಬರಿಮುಖದಲ್ಲಿ ಹಪ್ಪಳ ಕಾಯುವ ಮಗು ಮೇ ತಿಂಗಳಲ್ಲಿ ಕಟ್ಟಿಕೊಂಡ ದ್ವೇಷವನ್ನು ಜೂನ್ ತಿಂಗಳಲ್ಲಿ ಶಾಲೆಯ ದಾರಿಯಲ್ಲಿ ತೀರಿಸಬೇಕಾಗುತ್ತದೆ. ಮುಖವಾಡ ಧರಿಸಿ ಕಾದರೆ ಹಗೆಯೆಲ್ಲ ಮುಖವಾಡದ ಪಾಲು. ಶಿಬಿರಗಳಲ್ಲಿ ದಶಕಗಳಿಂದ ಕಾರಣ ತಿಳಿಯದೆ ನಡೆದುಬಂದ ಒಂದು ಆಚರಣೆಗೆ ವೈಜ್ಞಾನಿಕ ಆಧಾರ ಸಿಕ್ಕಿದ್ದು ಹೀಗೆ. ಸಿಯಾಟಲ್‌ನ ಕಾಗೆ ಬೇರೆ ಜಾತಿ, ನಮ್ಮ ಕಾಗೆ ಬೇರೆ ಜಾತಿ ಎಂದು ಪೂರ್ವಪಕ್ಷಿ ಹೇಳಬಹುದು. ನಮ್ಮ ಕಾಗೆಗೆ ಪಿತೃಪಕ್ಷದಲ್ಲಿ ಮನೆಮನೆಯ ಪಿಂಡ ತಿಂದು ವಂಶಾವಳಿಯೇ ಬಾಯಿಪಾಠವಾಗಿರುವಾಗ, ನೆನಪಿನ ವಿಷಯದಲ್ಲಿ ಅದು ಸಿಯಾಟಲ್‌ನ ಕಾಗೆಗೆ ಕಡಿಮೆಯೆಂದು ಹೇಳುವುದು ಅತಿಸಾಹಸ.

ಗಣಿತವೂ ಹೀಗೆಯೇ. ಶಿಬಿರದಲ್ಲಿ ವೇದಗಣಿತವೆಂದು ಗುಣಾಕಾರದ ಅಡ್ಡದಾರಿ ಕಲಿಸುತ್ತಾರೆ. ಚಾಪೆಯ ಮುಂದೆ ಕೂತ ಮಗುವಿಗೆ ಎದುರಾಗುವುದು ಅದಕ್ಕಿಂತ ಗಹನವಾದ ಸಮಸ್ಯೆ: ಒಂದೇ ಅಳತೆಯ ವೃತ್ತಗಳನ್ನು ಒಂದರ ಮೇಲೊಂದು ಬೀಳದಂತೆ ಜೋಡಿಸಿದರೆ ಅತಿ ಹೆಚ್ಚು ಎಷ್ಟು ಜಾಗ ತುಂಬಬಹುದು? ಸಾಲಿಗೆ ಸಾಲು ನೇರವಾಗಿಟ್ಟರೆ ಚಾಪೆಯ ಸುಮಾರು ಶೇ 78.5 ಭಾಗ ತುಂಬುತ್ತದೆ. ಎರಡು ಹಪ್ಪಳಗಳ ಸಂದಿಗೆ ಮೇಲಿನ ಸಾಲಿನ ಹಪ್ಪಳ ಬರುವಂತೆ ಜರುಗಿಸಿಟ್ಟರೆ ಸುಮಾರು ಶೇ 90.7. ಇದಕ್ಕಿಂತ ಮೇಲಾದ ಜೋಡಣೆ ಇಲ್ಲವೆಂದು ಸಾಧಿಸಲು ಲಗ್ರಾಂಜನಿಂದ ಹಿಡಿದು ಯೂರೋಪಿನ ಗಣಿತಜ್ಞರು ತಲೆಮಾರುಗಳ ಕಾಲ ಹೆಣಗಿದರು. ಇಲ್ಲಿ ಚಾಪೆಯಲ್ಲಿ ಜಾಗ ಸಾಲದೆ ಹಿರಿಯರ ಬಾಯಿಂದ ಒಂದು ಬೈಗುಳ ಬಿದ್ದ ಕೂಡಲೇ ಮಗು ಆ ಜೋಡಣೆಗೆ ಬಂದು ಮುಟ್ಟುತ್ತದೆ. ಹವಾಮಾನ ಶಾಸ್ತ್ರಕ್ಕಂತೂ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆಯಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಗಾದೆ. ಹಪ್ಪಳದ ಚಾಪೆಯೊಂದು ಮಾತ್ರ ಆ ಧರಣಿಗೆ ಸೇರಿದ್ದಲ್ಲ. ಕೊಡಚಾದ್ರಿಯ ಕಡೆ ಮೋಡ ಕಪ್ಪಾಗುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ನಡುವೆ ಚಾಪೆ ಸುತ್ತಬೇಕು. ಸುತ್ತಿದ ಮೇಲೆ ಮಳೆ ಬಾರದಿದ್ದರೂ ಬೈಗುಳ, ಸುತ್ತದೆ ಬಂದರೂ ಬೈಗುಳ. ಮುನ್ಸೂಚನೆಯಲ್ಲಿ ಎರಡು ಬಗೆಯ ತಪ್ಪುಗಳಿರುತ್ತವೆ ಎಂದು ಸಂಖ್ಯಾಶಾಸ್ತ್ರಜ್ಞರು ಸ್ನಾತಕೋತ್ತರ ತರಗತಿಯಲ್ಲಿ ಬೋಧಿಸುವುದು ಇದನ್ನೇ.

ಪೂರ್ವನಿದರ್ಶನಗಳೂ ಬೇಕಾದಷ್ಟಿವೆ. ನಮ್ಮ ಸೀಮೆಯ ಅತ್ಯಂತ ಯಶಸ್ವಿ ಹಗಲು ಶಿಬಿರ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ದಾರಿಯಲ್ಲಿ, ತುಂಗೆಯ ಹಿನ್ನೀರಿನ ಬದಿಯಲ್ಲಿ ನಡೆಯುತ್ತಿದೆ: ಸಕ್ರೆಬೈಲಿನ ಆನೆ ಬಿಡಾರ. ಶಿಬಿರಾರ್ಥಿಗಳು ಬೆಳಿಗ್ಗೆ ಕಾಡಿನಿಂದ ಬರುತ್ತಾರೆ, ಮೈ ತೊಳೆಸಿಕೊಳ್ಳುತ್ತಾರೆ, ಉಪಾಹಾರ ಸೇವಿಸುತ್ತಾರೆ, ಸಾರ್ವಜನಿಕರಿಗೆ ದರ್ಶನ ಕೊಡುತ್ತಾರೆ, ಮಧ್ಯಾಹ್ನಕ್ಕೆ ಮುಂಚೆಯೇ ಕಾಡಿಗೆ ಮರಳುತ್ತಾರೆ. ಪ್ರಾಣಿಗಳಲ್ಲೇ ಬುದ್ಧಿವಂತ ಎನಿಸಿಕೊಂಡ ಆನೆಯನ್ನೂ ಸಂಜೆ ಐದರವರೆಗೆ ಕೂರಿಸಿ ವ್ಯಕ್ತಿತ್ವ ವಿಕಸನ ಬೋಧಿಸುವುದು ಸಾಧ್ಯವಿಲ್ಲವೆಂದು ಮಾವುತರಿಗೆ ಗೊತ್ತಿದೆ. ಎರಡನೆಯ ನಿದರ್ಶನ ಹೆಗ್ಗೋಡಿನದು. 1949ರಲ್ಲಿ ಹುಟ್ಟಿದ ನೀನಾಸಮ್ ತನ್ನ ಹೆಸರಾಂತ ಸಂಸ್ಕೃತಿ ಶಿಬಿರಕ್ಕೆ ಆರಿಸಿಕೊಂಡ ತಿಂಗಳು ಅಕ್ಟೋಬರ್. ದಸರಾ ರಜೆಯ ಅನುಕೂಲಕ್ಕಾಗಿ ಎಂದು ಸಾಮಾನ್ಯರು ತಿಳಿದಿದ್ದಾರೆ. ಹಪ್ಪಳದ ಹಂಗಾಮು ಮುಗಿದು ಅಡಿಕೆ ಕೊಯ್ಲು ಬಿರುಸಾಗುವ ಮೊದಲಿನ ಏಕೈಕ ಬಿಡುವು ಅದೇ ಎಂಬುದು, ಸಂಸ್ಥೆಯನ್ನು ಕಟ್ಟಿದ, ಅಡಿಕೆ ಬೆಳೆಗಾರರೇ ಆಗಿದ್ದ ಕೆ.ವಿ. ಸುಬ್ಬಣ್ಣನವರಿಗೆ ತಿಳಿಯದ ಸಂಗತಿಯಾಗಿರಲಾರದು. ಮೂರನೆಯದು ಕಾವ್ಯಪ್ರಮಾಣ. ಕುಪ್ಪಳಿಯ ಕುವೆಂಪು 1920ರ ದಶಕದಲ್ಲಿ ರಚಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಕಥೆ ನಡೆಯುವುದು ತುಂಗೆಯ ದಡದಲ್ಲಿ. ಇಲಿ ತೊಲಗಿಸಿದವನಿಗೆ ಒಪ್ಪಿದ ಹಣ ಕೊಡದಿದ್ದಾಗ ಅವನು ಊರಿನ ಮಕ್ಕಳನ್ನೆಲ್ಲ ಸಂಗೀತದ ಬೆನ್ನಿಗೆ ಕರೆದೊಯ್ದ. ಇದರಲ್ಲಿ ವಿಮರ್ಶಕರು ವಚನಭಂಗದ ಫಲವನ್ನಷ್ಟೇ ಕಂಡಿದ್ದಾರೆ. ಸಂಪನ್ಮೂಲ ವ್ಯಕ್ತಿಯೊಬ್ಬ ಊರಿನ ಮಕ್ಕಳನ್ನು ಸಾರಾಸಗಟಾಗಿ ಒಯ್ದರೆ ಉಗ್ರಾಣದ ಗತಿಯೇನು ಎಂಬ ಎಚ್ಚರಿಕೆ ಅದರಲ್ಲಿರುವುದು ಈಗಷ್ಟೇ ಬೆಳಕಿಗೆ ಬರುತ್ತಿದೆ.

ಇನ್ನು ಆಕ್ಷೇಪಗಳು. ಇದು ಬಾಲಕಾರ್ಮಿಕ ಪದ್ಧತಿಯಲ್ಲವೇ ಎಂಬುದು ಮೊದಲನೆಯದು, ಗಂಭೀರವಾದದ್ದು ಕೂಡ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ ಹದಿನಾಲ್ಕರೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗಕ್ಕೆ ಹಚ್ಚುವುದು ನಿಷಿದ್ಧವಾಯಿತು. ಆದರೆ ಅದೇ ತಿದ್ದುಪಡಿಯಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕೆಲಸದಲ್ಲಿ ಮಗು ಮನೆಯವರಿಗೆ ನೆರವಾಗುವುದಕ್ಕೆ ವಿನಾಯಿತಿಯಿದೆ. ‘ರಜೆಯಲ್ಲಿ’ ಎಂದು ಬರೆಯುವಾಗ ಸಂಸತ್ತಿನ ಕಣ್ಣಮುಂದೆ ಹಪ್ಪಳದ ಚಾಪೆಯೇ ಇತ್ತೆಂದು ನಾವು ಹಟ ಹಿಡಿಯುವುದಿಲ್ಲ, ಅಡ್ಡಿಯಂತೂ ಇಲ್ಲ. ಕಾವಲಿಗೆ ಕೂತ ಮಗುವೇ ಹಸಿ ಹಿಟ್ಟನ್ನು ಕದ್ದು ತಿನ್ನುತ್ತದಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ಸತ್ಯ. ಉಪ್ಪು ಖಾರ ಬಿದ್ದ ಹಲಸಿನ ಹಿಟ್ಟಿನ ಮುಂದೆ ಹಪ್ಪಳವೂ ಸಪ್ಪೆ ಎನ್ನುವ ಪಂಥವೇ ಇದೆ. ಮಗು ತಿನ್ನುವುದನ್ನು ಶಿಬಿರದ ಲಘು ಉಪಾಹಾರದ ಬಾಬ್ತಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ.

ಮೂರನೆಯ ಆಕ್ಷೇಪವೇ ಬಲವಾದದ್ದು. ಇಷ್ಟೆಲ್ಲ ವಿದ್ಯೆ ಅಂಗಳದಲ್ಲೇ ಇರುವಾಗ ವಿಶ್ವವಿದ್ಯಾಲಯ ಯಾಕೆ ಬೇಕು? ಉತ್ತರ ಸರಳ. ಅಂಗಳಕ್ಕೆ ಪ್ರಮಾಣಪತ್ರ ಕೊಡುವ ಅಧಿಕಾರವಿಲ್ಲ. ಇಪ್ಪತ್ತು ದಿನ ಕಾಗೆ ಅಟ್ಟಿದ ಮಗುವಿನ ಕೈಗೆ ಕಾಗದ ಬಾರದಿದ್ದರೆ, ಅದು ಇಪ್ಪತ್ತು ದಿನ ಸುಮ್ಮನೆ ಕೂತಿತ್ತು ಎಂದೇ ಪೋಷಕರು ತೀರ್ಮಾನಿಸುತ್ತಾರೆ. ಕಲಿತದ್ದು ಕಲಿತದ್ದೆನಿಸಬೇಕಾದರೆ ಕುಲಸಚಿವರ ಮೊಹರು ಬೇಕು. ಆದ್ದರಿಂದ ಹಪ್ಪಳವೇ ಆವರಣಕ್ಕೆ ಹೋಗತಕ್ಕದ್ದು. ಯಾವ ಆವರಣ ಎಂಬುದರಲ್ಲಿ ಸಂದೇಹವಿಲ್ಲ. ಕುವೆಂಪು ಹೆಸರಿನ ವಿಶ್ವವಿದ್ಯಾಲಯ 1987ರಲ್ಲಿ ಹುಟ್ಟಿತಾದರೂ ಅದರ ಜ್ಞಾನಸಹ್ಯಾದ್ರಿ ಇರುವುದು ಶಂಕರಘಟ್ಟದಲ್ಲಿ, ಅಂದರೆ ಭದ್ರಾವತಿ ತಾಲ್ಲೂಕಿನಲ್ಲಿ. ನಮ್ಮ ಮೂರು ತಾಲ್ಲೂಕುಗಳ ಗಡಿಯಾಚೆ. ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಇರುವಕ್ಕಿ ಆವರಣವಾದರೋ ಸಾಗರ ತಾಲ್ಲೂಕಿನ ಆನಂದಪುರದ ಬಳಿಯಲ್ಲಿದೆ. ಹಲಸು ತೋಟಗಾರಿಕೆಗೆ ಸೇರಿದ್ದು, ಆದ್ದರಿಂದ ಪಠ್ಯಕ್ರಮದ ಒಳಗಿನದೇ. ತೀರ್ಥಹಳ್ಳಿಯ ಮಗು ರಿಪ್ಪನ್‌ಪೇಟೆಯ ಮೇಲೆ ಅಲ್ಲಿಗೆ ತಲುಪುವಷ್ಟರಲ್ಲಿ ಬಿಸಿಲು ಏರಿರುತ್ತದೆಯಲ್ಲ ಎಂದರೆ, ಹಪ್ಪಳಕ್ಕೆ ಬೇಕಾದದ್ದು ಏರಿದ ಬಿಸಿಲೇ. ಮಿಗಿಲಾಗಿ, ಹೆಂಚಿನ ಮಾಡಿನ ಈ ಸೀಮೆಯಲ್ಲಿ ಇಲ್ಲದ ಒಂದು ವಸ್ತು ಸರ್ಕಾರಿ ಕಟ್ಟಡಗಳಲ್ಲಿದೆ: ತಾರಸಿ. ಅಲ್ಲಿಗೆ ಕರು ಹತ್ತುವುದಿಲ್ಲ, ಕೋಳಿ ಬರುವುದಿಲ್ಲ, ಯಾರದೂ ಅಲ್ಲದ ನಾಯಿಗೆ ಮೆಟ್ಟಿಲು ಗೊತ್ತಿಲ್ಲ; ಉಳಿದವನು ಕಾಗೆಯೊಬ್ಬನೇ, ಪಠ್ಯಕ್ರಮಕ್ಕೆ ಬೇಕಾದವನೂ ಅವನೊಬ್ಬನೇ. ಮಲೆನಾಡಿನ ತಾರಸಿಗಳು ಕೆಲವೇ ಮಳೆಗಾಲಗಳಲ್ಲಿ ಸೋರತೊಡಗಿ ಮೇಲೊಂದು ತಗಡಿನ ಶೀಟು ಹೊದೆಯುತ್ತವೆ ಎಂಬುದು ನಿಜ. ಹಾಗಾಗುವುದಕ್ಕೆ ಮುಂಚೆ ಶಿಬಿರ ಶುರುವಾಗಬೇಕು.

ಆದಕಾರಣ ಆವರಣದ ಅಧಿಕಾರಿಗಳಲ್ಲಿ ವಿನಂತಿ: ಏಪ್ರಿಲ್ ಎರಡನೇ ವಾರದೊಳಗೆ ತಾರಸಿಯ ಬೀಗದ ಕೈ ಕೊಡಿ. ಚಾಪೆ, ಕೋಲು, ಕಪ್ಪು ಕೊಡೆ ನಮ್ಮವೇ. ಶುಲ್ಕವನ್ನು ನೂರು ಹಪ್ಪಳದ ಕಟ್ಟಿನ ರೂಪದಲ್ಲಿ, ಮಳೆ ಹಿಡಿಯುವ ಮೊದಲೇ ಸಲ್ಲಿಸುತ್ತೇವೆ. ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಕೆಳಗೆ ಮುಖವಾಡದ ಹೆಸರನ್ನೂ ನಮೂದಿಸಿ.