ರಾಯರ ಕಾಗದ ಸನ್ಯಾಸ

ರಾಯರು: ಇವತ್ತಿಂದ ಮನೇಲಿ ಟಿಶ್ಯೂ ಪೇಪರ್ ಬಂದ್ ಕಣೇ!

ಶ್ರೀಮತಿ: ಸದ್ಯ! ನಿಮ್ಮ ಮದುವೆ ಪಂಚೆ ಹರಿದು ಮಸಿಬಟ್ಟೆ ಮಾಡಿದೀನಿ.

ರಾಯರು: ಅಯ್ಯೋ, ಅದ್ಯಾಕೇ?

ಶ್ರೀಮತಿ: ಅದಾದ್ರೂ ಮನೆಕೆಲಸಕ್ಕೆ ಬರಲಿ ಅಂತ.

ರಾಯರು: ಆದ್ರೆ ಪೂಜೆ ದಿನ ಬರೋರ ಕಾಫಿಗೆ ಪೇಪರ್ ಲೋಟ ಇರಲಿ. 2022ರ ಜುಲೈ 1ರಿಂದ ನಿಷೇಧ ಆಗಿರೋದು ಪ್ಲಾಸ್ಟಿಕ್ ಲೋಟ, ಪೇಪರ್ ಲೋಟ ಅಲ್ಲ.

ಶ್ರೀಮತಿ: ಪೇಪರ್ ಲೋಟದ ಒಳಗೂ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರ್ತಾರೆ ಕಣ್ರೀ. ಇಲ್ದಿದ್ರೆ ಕಾಫಿ ನಿಮ್ಮ ಸಂಬಳದ ಹಾಗೆ ಸೋರಿಹೋಗ್ತಿತ್ತು. ಅಟ್ಟದ ಮೇಲೆ 40 ಸ್ಟೀಲ್ ಲೋಟ ಇದೆ.

ರಾಯರು: ತೊಳೆಯೋರು?

ಶ್ರೀಮತಿ: ಅರ್ಧ ಪಂಚೆ ಉಳಿಸಿದೀನಿ, ಸೊಂಟಕ್ಕೆ ಕಟ್ಕೊಳ್ಳಿ. ಅದೇನು ಕೈಯಲ್ಲಿ ಕಟ್ಟು?

ರಾಯರು: 'ಕಾಗದ ಉಳಿಸಿ' ಕರಪತ್ರ. 500 ಪ್ರತಿ!

ಶ್ರೀಮತಿ: ಕೊಡಿ ಇಲ್ಲಿ. ಹಿಂಬದಿ ಖಾಲಿ ಇದೆ, ದಿನಸಿ ಚೀಟಿಗಾಯ್ತು.