ಟೈಮ್ ಸರಿ ಮಾಡುವ ರಾಯರು

ಕಂಪ್ಯೂಟರಿನ ಟೈಮ್ ಸರಿ ಮಾಡಿಕೊಡುವ ರಾಯರೊಬ್ಬರು ಪ್ರತಿ ಕಚೇರಿಯಲ್ಲೂ ಇದ್ದೇ ಇರುತ್ತಾರೆ. ಹುದ್ದೆ ಅಕೌಂಟ್ಸ್‌ನಲ್ಲಿ, ಸಿಸ್ಟಮ್ ಪಾಂಡಿತ್ಯ ಸ್ವಯಾರ್ಜಿತ. ಕರೆದರೆ ಸಾಕು, "ಮೇಡಂ, ಒಂದ್ನಿಮಿಷ ಏಳಿ" ಎಂದು ಕುರ್ಚಿ ಹಿಡಿಯುತ್ತಾರೆ. ಅಂಗಿಯ ತೋಳು ಸರಿಸಿ ಎಚ್‌ಎಂಟಿ ವಾಚು ನೋಡಿ, ಪರದೆಯ ಮೂಲೆಯ ಗಡಿಯಾರವನ್ನು ಅದಕ್ಕೆ ಸರಿಯಾಗಿ ಹೊಂದಿಸಿ ಎದ್ದುಬಿಡುತ್ತಾರೆ. ಒಂದು ನಿಮಿಷವೂ ಆಚೀಚೆ ಇರುವುದಿಲ್ಲ. ನನ್ನ ತಕರಾರು ಇಷ್ಟೇ: ಕಂಪ್ಯೂಟರಿನ ಕಾಲಜ್ಞಾನ ಪೂರ್ತಿ ಕೆಡುವುದು ಆ ಗಳಿಗೆಯಲ್ಲೇ.

ಯಂತ್ರ ಒಳಗೊಳಗೆ ಲೆಕ್ಕ ಇಡುವುದು ಯುಟಿಸಿ ಎಂಬ ವಿಶ್ವಕಾಲದಲ್ಲಿ. ನಮಗೆ ಕಾಣುವುದು ಅದಕ್ಕೆ ಟೈಮ್ ಝೋನಿನ ವ್ಯತ್ಯಾಸ ಸೇರಿಸಿ ಬಂದ ಉತ್ತರ. ಭಾರತಕ್ಕಾದರೆ ಐದೂವರೆ ಗಂಟೆ ಕೂಡಬೇಕು. ಹೊಸದಾಗಿ ವಿಂಡೋಸ್ ಹಾಕಿದ ಯಂತ್ರ ಎಷ್ಟೋ ಸಲ ಅಮೆರಿಕದ ಪೆಸಿಫಿಕ್ ವಲಯದಲ್ಲೇ ಕೂತಿರುತ್ತದೆ. ರಾಯರು ಝೋನ್ ಮುಟ್ಟುವವರಲ್ಲ, ಉತ್ತರವನ್ನಷ್ಟೇ ತಿದ್ದುವವರು. ಜೂನ್ ತಿಂಗಳಲ್ಲಿ ಬೆಳಿಗ್ಗೆ 10 ಎಂದು ಅವರು ತಿದ್ದಿದರೆ ಯಂತ್ರ ಅದನ್ನು ಕ್ಯಾಲಿಫೋರ್ನಿಯದ ಬೆಳಿಗ್ಗೆ 10 ಎಂದು ತಿಳಿಯುತ್ತದೆ, ಅಂದರೆ ನಮ್ಮ ರಾತ್ರಿ 10.30. ಕಾಫಿಗೆ ಮುಂಚೆ ಕಳಿಸಿದ ಮೇಲ್ ಸಾಹೇಬರ ಕಣ್ಣಿಗೆ ಇನ್ನೂ ಬಾರದ ರಾತ್ರಿಯಿಂದ ಬಂದಂತೆ ಕಾಣುತ್ತದೆ. "ಟೈಮ್ ಸರಿಯಾಗೇ ಕಾಣ್ತಿದೆಯಲ್ಲ, ಇನ್ನೇನು ಬೇಕು?" ಎನ್ನುವವರು ನವೆಂಬರ್ ತನಕ ಕಾಯಬೇಕು. ಆ ತಿಂಗಳ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅವರ ಜೊತೆ ಬಳ್ಳಾರಿಯ ಯಂತ್ರವೂ ನಿಷ್ಠೆಯಿಂದ ಹಿಂದಕ್ಕೆ ಹೋಗುತ್ತದೆ. ಸೋಮವಾರ ರಾಯರು ಬಂದು ನೋಡಿ "ವೈರಸ್ಸು" ಎಂದು ತೀರ್ಪು ಕೊಟ್ಟು ಮತ್ತೆ ವಾಚು ನೋಡುತ್ತಾರೆ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರಂತೂ ರಾಯರಿಗೆ ನಿತ್ಯವೂ ಕೆಲಸ. ಮದರ್‌ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಎಂದು. ಅವರು ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಐದೂವರೆ ಗಂಟೆ ತಪ್ಪಾಗಿ ಎದ್ದು ಕೂರುತ್ತದೆ.

ರಾಯರ ಪರವಾಗಿಯೂ ಒಂದು ಮಾತಿದೆ. ಯಂತ್ರವೇ ಝೋನ್ ಪತ್ತೆಮಾಡಲಿ ಎಂದು ಬಿಟ್ಟರೆ ಅದೇನೂ ಸರ್ವಜ್ಞನಲ್ಲ. ಮೇಜಿನ ಕಂಪ್ಯೂಟರಿಗೆ ಸಾಮಾನ್ಯವಾಗಿ ಜಿಪಿಎಸ್ ಇರುವುದಿಲ್ಲ. ಸುತ್ತಲ ವೈಫೈಯನ್ನೋ ಐಪಿ ವಿಳಾಸವನ್ನೋ ನೋಡಿ ಊಹಿಸಬೇಕು. ವಿಪಿಎನ್ ಸಿಂಗಪುರದ್ದಾದರೆ ಹುಬ್ಬಳ್ಳಿಯ ಗಡಿಯಾರ ಎರಡೂವರೆ ಗಂಟೆ ಮುಂದೆ ಓಡಿದರೂ ಆಶ್ಚರ್ಯವಿಲ್ಲ. ಇಡೀ ದೇಶಕ್ಕೆ ಒಂದೇ ಝೋನ್, ಮೇಜು ಬಿಟ್ಟು ಕದಲದ ಯಂತ್ರ; ಹೀಗಿರುವಾಗ ಪತ್ತೇದಾರಿಕೆ ಏಕೆ? ಝೋನ್ ತಾನೇ ಪತ್ತೆಮಾಡುವ ಸ್ವಿಚ್ ಆಫ್ ಮಾಡಿ, ಪಟ್ಟಿಯಿಂದ ನಾವೇ ಒಮ್ಮೆ ಆರಿಸಿದರೆ ಮುಗಿಯಿತು. ವಿಂಡೋಸ್ ಪಟ್ಟಿಯಲ್ಲಿ ಬೆಂಗಳೂರು ಇಲ್ಲ; ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಒಂದೇ ಸಾಲಿನಲ್ಲಿವೆ. ಕಾವೇರಿಯ ವಿಚಾರ ಏನೇ ಇರಲಿ, ಆ ಸಾಲು ಆರಿಸಿದರೆ ನಮಗೇನೂ ನಷ್ಟವಿಲ್ಲ. ಆದರೆ ಇಂಟರ್ನೆಟ್ಟಿನಿಂದ ಸಮಯ ತರಿಸಿಕೊಳ್ಳುವ ಇನ್ನೊಂದು ಸ್ವಿಚ್ ಮಾತ್ರ ಆನ್ ಇರಲೇಬೇಕು. ರಾಯರಿಗೆ ಈ ಭೇದವೇ ಒಪ್ಪಿಗೆಯಿಲ್ಲ. "ಎರಡೂ ಆಟೋಮ್ಯಾಟಿಕ್ಕೇ ತಾನೇ ಮೇಡಂ?" ಎಂದು ಎರಡನ್ನೂ ಆಫ್ ಮಾಡಿ, ಅಂಗಿಯ ತೋಳು ಸರಿಸುತ್ತಾರೆ.